ನಮ್ಮ ಧರ್ಮಸಭೆಯಲ್ಲಿ ನಾಯಕತ್ವದ ಪರಂಪರೆ: ಒಂದು ಐತಿಹಾಸಿಕ ಅವಲೋಕನ

ನೂರು ವರ್ಷಗಳನ್ನು ಪೂರೈಸಿದ ದೇವಾಲಯದಲ್ಲಿ ನಾಲ್ಕು ತಲೆಮಾರುಗಳಾದರೂ ಮೊಣಕಾಲೂರಿ ಪ್ರಾರ್ಥಿಸಿರುತ್ತವೆ. ಅಡಿಗಲ್ಲಿಗೆ ಮಣ್ಣು ಹೊತ್ತವರ ಮರಿಮಕ್ಕಳು ಇಂದು ಶತಮಾನೋತ್ಸವದ ಚಪ್ಪರ ಹಾಕುತ್ತಾರೆ. ಈ ನಾಲ್ಕು ತಲೆಮಾರುಗಳ ನಡುವೆ ಗುರುಗಳು ಬಂದರು, ಹೋದರು. ಉಪದೇಶಿಗಳು, ಗುರ್ಕಾರರು, ಗಾಯನವೃಂದದ ಹಿರಿಯರು ತಮ್ಮ ಕಾಲದ ಸೇವೆ ಮುಗಿಸಿ ಗತಿಸಿದರು. ಆದರೂ ಭಾನುವಾರದ ದಿವ್ಯಬಲಿಪೂಜೆ ನಿಲ್ಲಲಿಲ್ಲ, ಮಕ್ಕಳ ಧರ್ಮೋಪದೇಶ ತಪ್ಪಲಿಲ್ಲ. ಹೋದವರ ಜಾಗಕ್ಕೆ ಬರಬೇಕಾದವರು ಯಾರದೋ ಮುಂದಾಲೋಚನೆಯಿಂದ ಸಿದ್ಧರಾಗಿದ್ದರು ಎಂಬುದೇ ಇದರ ಗುಟ್ಟು. ಸ್ಮರಣ ಸಂಚಿಕೆಗಳಲ್ಲಿ ಕಟ್ಟಿಸಿದವರ ಹೆಸರುಗಳು ಅಚ್ಚಾಗುತ್ತವೆ. ಮುಂದಿನವರನ್ನು ಬೆಳೆಸಿದವರ ಹೆಸರುಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಕಿರಿಯರನ್ನು ನಾಯಕತ್ವಕ್ಕೆ ಸಿದ್ಧಪಡಿಸುವ ಈ ಕಾರ್ಯ ನಮ್ಮ ನಾಡಿನ ಕಥೋಲಿಕ ಧರ್ಮಸಭೆಯಲ್ಲಿ ಹೇಗೆ ನಡೆಯಿತು, ಎಲ್ಲಿ ತಪ್ಪಿತು, ತಪ್ಪಿದಾಗ ಏನಾಯಿತು ಎಂಬುದನ್ನು ಅವಲೋಕಿಸುವುದು ಈ ಲೇಖನದ ಉದ್ದೇಶ.

ಪವಿತ್ರ ಗ್ರಂಥದ ಪಾಠ

ಮೋಶೆ ತನ್ನ ಅಂತ್ಯಕಾಲ ಸಮೀಪಿಸಿದಾಗ ತನಗಾಗಿ ಏನನ್ನೂ ಬೇಡಲಿಲ್ಲ. ಈ ಜನರು ಕುರುಬನಿಲ್ಲದ ಕುರಿಗಳಂತಾಗದಿರಲಿ, ಇವರ ಮೇಲೆ ಒಬ್ಬನನ್ನು ನೇಮಿಸು ಎಂದು ಬೇಡಿಕೊಂಡನು. ದೇವರ ಅಪ್ಪಣೆಯಂತೆ ಯೆಹೋಶುವನನ್ನು ಸಮಸ್ತ ಸಭೆಯ ಮುಂದೆ ನಿಲ್ಲಿಸಿ, ಕೈಗಳನ್ನಿಟ್ಟು, ತನ್ನ ಅಧಿಕಾರದಲ್ಲಿ ಪಾಲು ಕೊಟ್ಟನು. ಯೆಹೋಶುವನು ಅಂದು ಹೊಸಬನೇನಲ್ಲ. ಯೌವನದಿಂದಲೂ ಮೋಶೆಯ ಜೊತೆಗಿದ್ದು ಸೇವೆ ಕಲಿತವನು. ಆದರೆ ಅದೇ ಯೆಹೋಶುವನು ತನ್ನ ನಂತರ ಇಂಥವನೆಂದು ಯಾರನ್ನೂ ಸಿದ್ಧಪಡಿಸಿದ ವೃತ್ತಾಂತ ಗ್ರಂಥದಲ್ಲಿ ಕಾಣುವುದಿಲ್ಲ. ಅವನೂ ಅವನ ಕಾಲದ ಹಿರಿಯರೂ ಗತಿಸಿದ ಮೇಲೆ ದೇವರನ್ನೂ ಆತನ ಕಾರ್ಯಗಳನ್ನೂ ಅರಿಯದ ತಲೆಮಾರು ಎದ್ದಿತೆಂದು ನ್ಯಾಯಾಧಿಪತಿಗಳ ಗ್ರಂಥವು ವಿಷಾದದಿಂದ ಹೇಳುತ್ತದೆ. ಗುರುವಿಗೆ ತಕ್ಕ ಶಿಷ್ಯನಿದ್ದೂ ಆ ಶಿಷ್ಯನಿಗೆ ಶಿಷ್ಯನಿಲ್ಲದಿದ್ದರೆ ಸಾಲು ಅಲ್ಲಿಗೇ ಕಡಿದುಹೋಗುತ್ತದೆ.

ಪ್ರಭು ಯೇಸುಸ್ವಾಮಿ ತಮ್ಮ ಬಹಿರಂಗ ಜೀವನದ ಹೆಚ್ಚಿನ ಕಾಲವನ್ನು ಹನ್ನೆರಡು ಮಂದಿಯನ್ನು ರೂಪಿಸುವುದರಲ್ಲೇ ಕಳೆದರು. ಯೂದನ ಸ್ಥಾನ ತೆರವಾದೊಡನೆ ಪ್ರೇಷಿತರು ಮಾಡಿದ ಮೊದಲ ಕಾರ್ಯವೆಂದರೆ ಮತ್ತೀಯನ ಆಯ್ಕೆ. ಸಂತ ಪೌಲರು ತಿಮೊಥೇಯನಿಗೆ ಬರೆಯುತ್ತ, ತಮ್ಮಿಂದ ಕೇಳಿದ್ದನ್ನು ನಂಬಿಗಸ್ತರಿಗೆ ಒಪ್ಪಿಸಬೇಕೆಂದೂ, ಅವರು ಇತರರಿಗೆ ಬೋಧಿಸಲು ಶಕ್ತರಾಗಿರಬೇಕೆಂದೂ ವಿಧಿಸಿದರು. ಎಣಿಸಿ ನೋಡಿದರೆ ಅಲ್ಲಿಯೂ ನಾಲ್ಕು ತಲೆಮಾರುಗಳೇ ಇವೆ: ಪೌಲರು, ತಿಮೊಥೇಯ, ನಂಬಿಗಸ್ತರು, ಇತರರು.

ಸಂತ ಜೋಸೆಫ್ ವಾಜ್: ಕೆನರಾದಿಂದ ಲಂಕೆಗೆ

ನಮ್ಮ ಕರಾವಳಿಯ ಧರ್ಮಸಭೆಗೆ ನೇರವಾಗಿ ಸಂಬಂಧಿಸಿದ ಉಜ್ವಲ ನಿದರ್ಶನ ಸಂತ ಜೋಸೆಫ್ ವಾಜ್ ಅವರದು. 1651ರಲ್ಲಿ ಗೋವೆಯ ಬೆಣಾವ್ಲಿಯಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದ ಅವರು 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದರು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಮುಂತಾದೆಡೆ ಚದುರಿದ್ದ ಕ್ರೈಸ್ತರನ್ನು ಕಾಲ್ನಡಿಗೆಯಲ್ಲಿ ಸಂಧಿಸಿ ಮತ್ತೆ ಒಟ್ಟುಗೂಡಿಸಿದರು. ಆ ಕಾಲದಲ್ಲಿ ಪೋರ್ಚುಗೀಸ್ ಪದ್ರುವಾದೊ ಅಧಿಕಾರಕ್ಕೂ ರೋಮಿನ ಪ್ರೊಪಗಾಂಡ ಅಧಿಕಾರಕ್ಕೂ ನಡೆಯುತ್ತಿದ್ದ ತಿಕ್ಕಾಟದ ಬಿಸಿಯನ್ನೂ ಅವರು ಉಂಡರು. ಅಧಿಕಾರ ಯಾರದೆಂಬ ಜಗಳದಲ್ಲಿ ಮಂದೆಯನ್ನು ಮೇಯಿಸುವ ಕೆಲಸ ಹಿಂದೆ ಬೀಳುವುದನ್ನು ಕಣ್ಣಾರೆ ಕಂಡರು.

1685ರಲ್ಲಿ ಗೋವೆಯ ಗುರುಗಳೇ ಕಟ್ಟಿಕೊಂಡಿದ್ದ ಒರೇಟರಿ ಸಂಘವನ್ನು ಸೇರಿ, ಅದರ ಹಿರಿಯರಾಗಿದ್ದೂ ಆ ಸ್ಥಾನವನ್ನು ತೊರೆದು, 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಲಂಕೆಯನ್ನು ಪ್ರವೇಶಿಸಿದರು. ಅಲ್ಲಿ ಡಚ್ಚರು 1658ರಿಂದ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಸುಮಾರು ಒಂಬತ್ತು ವರ್ಷ ಆ ದ್ವೀಪಕ್ಕೆಲ್ಲ ಅವರೊಬ್ಬರೇ ಗುರುಗಳು. ಒಬ್ಬನೇ ಮನುಷ್ಯ ಎಷ್ಟು ಊರು ತಿರುಗಿಯಾನು? ಆದ್ದರಿಂದ ಅವರು ಪ್ರತಿಯೊಂದು ಕ್ರೈಸ್ತ ಸಮುದಾಯಕ್ಕೂ ಮುಪ್ಪು ಎಂಬ ಹಿರಿಯನನ್ನೂ, ಪ್ರಾರ್ಥನೆ ನಡೆಸಿ ಮಕ್ಕಳಿಗೆ ಕಲಿಸುವ ಅಣ್ಣಾವಿಯನ್ನೂ ನೆಲೆಗೊಳಿಸಿದರು. ಗುರುಗಳಿಲ್ಲದ ಭಾನುವಾರಗಳಲ್ಲಿ ಜನರನ್ನು ಕೂಡಿಸುವುದು, ಸಾಯುವವರ ಬಳಿ ಪ್ರಾರ್ಥಿಸುವುದು ಇವರ ಹೊಣೆಯಾಯಿತು. ಗುರುಗಳು ಮತ್ತೆ ಬರುವ ಹೊತ್ತಿಗೆ ಸಮುದಾಯ ಚದುರದೆ ನಿಂತಿರುತ್ತಿತ್ತು.

ನಂತರ ಗೋವೆಯಿಂದ ಜೊತೆಗಾರರು ಬಂದರು. ಅವರಲ್ಲಿ ಪ್ರಮುಖರು 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವೆಸ್. ಆಗ ವಾಜ್ ಅವರಿಗೆ 54 ವರ್ಷ, ಗೊನ್ಸಾಲ್ವೆಸರಿಗೆ 29. ಕಿರಿಯರ ಭಾಷಾಪ್ರತಿಭೆಯನ್ನು ಗುರುತಿಸಿದ ಹಿರಿಯರು ಅವರನ್ನು ಸಿಂಹಳ ಕಲಿಕೆಗೆ ತೊಡಗಿಸಿದರು. ಮುಂದೆ ಗೊನ್ಸಾಲ್ವೆಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಹಲವಾರು ಗ್ರಂಥಗಳನ್ನು ರಚಿಸಿ, ಲಂಕೆಯ ಕಥೋಲಿಕ ಸಾಹಿತ್ಯಕ್ಕೆ ಬುನಾದಿ ಹಾಕಿದರು. ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ವಾಜ್ ವಿನಯದಿಂದ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದ ಮೇಲೆ ಗೊನ್ಸಾಲ್ವೆಸರ ಸೇವೆ 1742ರವರೆಗೆ, ಅಂದರೆ ಇನ್ನೂ 31 ವರ್ಷ ನಡೆಯಿತು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಕೊಲಂಬೊದಲ್ಲಿ ವಾಜ್ ಅವರನ್ನು ಸಂತರೆಂದು ಘೋಷಿಸಿದರು.

ಆದರೆ ಇತಿಹಾಸವು ಸಂತರ ಕಾರ್ಯದ ಮಿತಿಯನ್ನೂ ಮರೆಮಾಚುವುದಿಲ್ಲ. ಗೋವೆಯ ಆ ಸಂಘವು ಬ್ರಾಹ್ಮಣ ಮೂಲದ ಗುರುಗಳಿಗೆ ಮಾತ್ರ ತೆರೆದಿತ್ತು. ಡಚ್ಚರ ನಿರ್ಬಂಧದಿಂದಾಗಿ ಲಂಕೆಯಲ್ಲಿ ಗುರುಮಠವೊಂದು ನೆಲೆಗೊಳ್ಳಲಿಲ್ಲ. ಗುರುಗಳು ಸಮುದ್ರ ದಾಟಿ ಗೋವೆಯಿಂದಲೇ ಬರಬೇಕಾಗಿತ್ತು. 1834ರಲ್ಲಿ ಪೋರ್ಚುಗಲ್ ಸರಕಾರ ಧಾರ್ಮಿಕ ಸಂಘಗಳನ್ನು ರದ್ದುಗೊಳಿಸಿದಾಗ ಆ ಒರತೆ ಬತ್ತಿಹೋಯಿತು. ಮುಪ್ಪುಗಳನ್ನೂ ಅಣ್ಣಾವಿಗಳನ್ನೂ ಕೊಟ್ಟ ನೆಲದಿಂದ ಗುರುಗಳೂ ಹುಟ್ಟಿದ್ದರೆ ಗೋವೆಯ ಒಂದು ಸಂಘ ಮುಚ್ಚಿದ್ದು ಲಂಕೆಗೆ ಅಷ್ಟು ದೊಡ್ಡ ಪೆಟ್ಟಾಗುತ್ತಿರಲಿಲ್ಲ.

ಕುರುಬರಿಲ್ಲದ ಕಾಲ

ಇಂಥದೇ ಪೆಟ್ಟು ಮೈಸೂರು ಸೀಮೆಗೆ ಇನ್ನೂ ಮೊದಲೇ ಬಿದ್ದಿತ್ತು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡ ಕಲಿತು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು. ಅವರ ನಂತರ ನೂರು ವರ್ಷಗಳಿಗೂ ಮಿಕ್ಕಿ ಯೇಸುಸಭೆಯ ಗುರುಗಳು ಹಳ್ಳಿಹಳ್ಳಿ ತಿರುಗಿ ದುಡಿದರು. ಅವರ ತ್ಯಾಗಕ್ಕೆ ಸಾಟಿಯಿಲ್ಲ. ಆದರೆ ಅವರ ಸ್ಥಾನದಲ್ಲಿ ನಿಲ್ಲಬಲ್ಲ ಕನ್ನಡನಾಡಿನ ಗುರುವರ್ಗ ಬೆಳೆಯಲಿಲ್ಲ. 1759ರಲ್ಲಿ ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಿಂದ ಯೇಸುಸಭೆಯವರನ್ನು ಹೊರಹಾಕಿತು; 1773ರಲ್ಲಿ ಹದಿನಾಲ್ಕನೆಯ ಕ್ಲೆಮೆಂಟ್ ಜಗದ್ಗುರುಗಳು ಯೇಸುಸಭೆಯನ್ನೇ ವಿಸರ್ಜಿಸಿದರು. ಯುರೋಪಿನಲ್ಲಿ ಬರೆದ ಒಂದು ಆಜ್ಞಾಪತ್ರದಿಂದ ಕಾವೇರಿ ತೀರದ ಹಳ್ಳಿಗಳ ಮಂದೆ ಅನಾಥವಾಯಿತು. 1776ರಲ್ಲಿ ಪಾಂಡಿಚೇರಿಯ ಮಿಷನ್ ಪ್ಯಾರಿಸ್ ವಿದೇಶ ಮಿಷನ್ ಸಂಘಕ್ಕೆ ಬಂದರೂ ಗುರುಗಳ ಕೊರತೆ, ಯುದ್ಧಗಳ ಹಾವಳಿ ತಪ್ಪಲಿಲ್ಲ.

1784ರಲ್ಲಿ ಟಿಪ್ಪೂ ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. 1799ರವರೆಗಿನ ಆ ಹದಿನೈದು ವರ್ಷ ಅವರಿಗೆ ದೇವಾಲಯವಿರಲಿಲ್ಲ, ಗುರುಗಳಿರಲಿಲ್ಲ. ಆದರೂ ಬಿಡುಗಡೆಯಾಗಿ ಮರಳಿದವರು ಮತ್ತೆ ದೇವಾಲಯಗಳನ್ನು ಎತ್ತಿ ಕಟ್ಟಿದರು. ಶಿಲುಬೆಯ ಗುರುತನ್ನೂ ಜಪಗಳನ್ನೂ ಮಕ್ಕಳಿಗೆ ದಾಟಿಸಿದವರು ಯಾವ ಪದವಿಯೂ ಇಲ್ಲದ ತಾಯಂದಿರು ಮತ್ತು ಮನೆಯ ಹಿರಿಯರು. ಶ್ರೀಸಾಮಾನ್ಯರ ನಾಯಕತ್ವವೆಂಬುದು ಇತ್ತೀಚಿನ ಆವಿಷ್ಕಾರವೆಂದು ಭಾವಿಸುವವರು ಈ ಅಧ್ಯಾಯವನ್ನು ನೆನೆಯಬೇಕು.

ಮೈಸೂರು ಸೀಮೆಯಲ್ಲಿ ಉಳಿದವರನ್ನು ಒಗ್ಗೂಡಿಸಿದವರು ಫ್ರಾನ್ಸಿನ ಗುರು ಅಬ್ಬೆ ದುಬುವಾ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ದೇವಾಲಯ ಕಟ್ಟಿಸಿದರು. ಹಾಸನದ ಬಳಿ ಸಾತಹಳ್ಳಿಯ ಕ್ರೈಸ್ತರನ್ನು ಬೇಸಾಯದಲ್ಲಿ ನೆಲೆ ನಿಲ್ಲಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯದಲ್ಲಿ ಶ್ರಮಿಸಿದರು. ಆದರೆ 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದಾಗ ಭಾರತದಲ್ಲಿ ಕ್ರೈಸ್ತ ಧರ್ಮಕ್ಕೆ ಭವಿಷ್ಯವಿಲ್ಲವೆಂಬ ನಿರಾಶೆಯನ್ನೇ ಹೊತ್ತು ಹೋದರು. ದೂರದಿಂದ ಬಂದು ಒಂಟಿಯಾಗಿ ದುಡಿದವನಿಗೆ ತನ್ನ ಕೆಲಸವನ್ನು ಮುಂದುವರಿಸುವ ಕೈಗಳು ಕಾಣದಿದ್ದರೆ ಇಂಥ ನಿರಾಶೆ ಸಹಜವೇ. ಅವರ ಮಾತು ಸುಳ್ಳಾಯಿತೆಂಬುದಕ್ಕೆ ಅವರೇ ನೆಲೆ ನಿಲ್ಲಿಸಿದ ಸಾತಹಳ್ಳಿಯ ಕ್ರೈಸ್ತ ಸಮುದಾಯ ಸಾಕ್ಷಿ.

ಪಾಂಡಿಚೇರಿಯ ಸಭೆ ಮತ್ತು ರೋಮಿನ ಆದೇಶ

1844ರ ಆರಂಭದಲ್ಲಿ ಧರ್ಮಾಧ್ಯಕ್ಷ ಬೊನ್ನಾನ್‌ರವರು ಪಾಂಡಿಚೇರಿಯಲ್ಲಿ ತಮ್ಮ ಗುರುಗಳ ಸಭೆ ಕರೆದರು. ಮೈಸೂರು ಸೀಮೆಯೂ ಆಗ ಪಾಂಡಿಚೇರಿಯ ಆಡಳಿತಕ್ಕೇ ಸೇರಿತ್ತು. ಸ್ಥಳೀಯ ಗುರುವರ್ಗದ ನಿರ್ಮಾಣವೇ ಮಿಷನ್ನಿನ ಮೊದಲ ಕರ್ತವ್ಯವೆಂಬ ಅಭಿಪ್ರಾಯ ಅಲ್ಲಿ ಬಲವಾಗಿ ಮೂಡಿತು. ಆ ಸಭೆಯ ನಿರ್ಣಯಗಳನ್ನು ರೋಮಿಗೆ ಒಯ್ದು ಈ ಪಕ್ಷವನ್ನು ಹುರುಪಿನಿಂದ ಮಂಡಿಸಿದವರು ತರುಣ ಗುರು ಲ್ಯುಕೆ. ಫಲವಾಗಿ 1845ರ ನವೆಂಬರ್ 23ರಂದು ಪ್ರೊಪಗಾಂಡ ಪೀಠವು ಮಹತ್ವದ ಆದೇಶವೊಂದನ್ನು ಹೊರಡಿಸಿತು. ಗುರುಮಠಗಳನ್ನು ಸ್ಥಾಪಿಸಬೇಕು, ಸ್ಥಳೀಯರನ್ನು ಯಾಜಕ ಪದವಿಗೆ ತಕ್ಕಂತೆ ರೂಪಿಸಬೇಕು, ಅವರನ್ನು ಬರೀ ಸಹಾಯಕರನ್ನಾಗಿ ಇರಿಸಿಕೊಳ್ಳಬಾರದು, ಧರ್ಮಾಧ್ಯಕ್ಷ ಪದವಿಯವರೆಗೂ ಅವರಿಗೆ ದಾರಿ ತೆರೆದಿರಬೇಕು ಎಂಬುದು ಅದರ ಸಾರ.

ಆದೇಶ ಬಂದಷ್ಟು ಬೇಗ ಆಚರಣೆ ಬರಲಿಲ್ಲ. ಮೈಸೂರು ಮಿಷನ್ 1850ರಲ್ಲಿ ಪ್ರತ್ಯೇಕ ವಿಕಾರಿಯೇಟ್ ಆಯಿತು. ಸ್ಥಳೀಯ ಗುರುಗಳೂ ಕನ್ಯಾಸ್ತ್ರೀಯರೂ ಬೆಳೆದರು. ಆದರೆ ಚುಕ್ಕಾಣಿ ವಿದೇಶೀ ಕೈಗಳಲ್ಲೇ ಉಳಿಯಿತು. ನಮ್ಮವರು ಇನ್ನೂ ಸಿದ್ಧರಾಗಿಲ್ಲ ಎಂಬುದು ಅಂದಿನ ಸಾಮಾನ್ಯ ಸಮರ್ಥನೆ. ಈಜು ಬಂದ ಮೇಲೆಯೇ ನೀರಿಗಿಳಿಸುತ್ತೇವೆಂಬ ಈ ತರ್ಕಕ್ಕೆ ಕೊನೆಯೇ ಇರುವುದಿಲ್ಲ. ಬೆಂಗಳೂರಿಗೆ ಮೊದಲ ಭಾರತೀಯ ಧರ್ಮಾಧ್ಯಕ್ಷರಾಗಿ ತೋಮಾಸ್ ಪೋತಕಮೂರಿಯವರು ಬಂದದ್ದು 1942ರಲ್ಲಿ, ಅಂದರೆ ಪಾಂಡಿಚೇರಿ ಸಭೆಯಾಗಿ 98 ವರ್ಷಗಳ ನಂತರ.

ಜೆಪ್ಪುವಿನಿಂದ ಫಲಿಸಿದ್ದು

ಕರಾವಳಿಯಲ್ಲಿ ಬೆಳವಣಿಗೆ ತುಸು ಬೇಗ ಫಲಿಸಿತು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು ಕಾಲೇಜು ಕಟ್ಟುವುದಕ್ಕೂ ಮೊದಲು, 1879ರಲ್ಲಿ, ಗುರುಮಠವನ್ನು ಆರಂಭಿಸಿದರು. ಸಂತ ಅಲೋಶಿಯಸ್ ಕಾಲೇಜು ಆರಂಭವಾದದ್ದು 1880ರಲ್ಲಿ. ಈ ಕ್ರಮವೇ ಅರ್ಥಪೂರ್ಣ. ಮುಂದೆ ಜೆಪ್ಪುವಿನ ಸಂತ ಜೋಸೆಫರ ಗುರುಮಠವೆಂದು ಹೆಸರಾದ ಈ ಸಂಸ್ಥೆಯಿಂದ ಹೊರಟ ಗುರುಗಳು ಕನ್ನಡನಾಡಿನ ಮತ್ತು ಹೊರನಾಡಿನ ಅನೇಕ ಧರ್ಮಪ್ರಾಂತ್ಯಗಳಲ್ಲಿ ದುಡಿದಿದ್ದಾರೆ. 1893ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಭಾರತಕ್ಕೂ ಲಂಕೆಗೂ ಸೇರಿಸಿ ಕ್ಯಾಂಡಿಯಲ್ಲಿ ಗುರುಮಠ ಸ್ಥಾಪಿಸಿದರು. ಭಾರತದ ಉದ್ಧಾರದ ಸೇವಕರು ಭಾರತದ ಮಕ್ಕಳೇ ಆಗಬೇಕೆಂಬುದು ಅದರ ಧ್ಯೇಯ. ಸಂತ ವಾಜ್ ಕಣ್ಮುಚ್ಚಿದ ಊರಿನಲ್ಲೇ ಅವರ ಕಾಲದಲ್ಲಿ ಸಾಧ್ಯವಾಗದ ಕಾರ್ಯ ನೆರವೇರಿತು. 1955ರಲ್ಲಿ ಆ ಗುರುಮಠ ಪುಣೆಗೆ ಸ್ಥಳಾಂತರಗೊಂಡಿತು.

1896ರಲ್ಲಿ ಕೇರಳದ ಸೀರೋ-ಮಲಬಾರ್ ಕಥೋಲಿಕರಿಗೆ ತಮ್ಮವರೇ ಆದ ಮೂವರು ಮೇಲಧಿಕಾರಿಗಳು ದೊರೆತರು. 1919ರಲ್ಲಿ ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಸ್ಥಳೀಯ ಗುರುವರ್ಗವನ್ನು ಕೆಳದರ್ಜೆಯ ಕೆಲಸಗಳಿಗೆ ಮಾತ್ರ ಸಿದ್ಧಪಡಿಸುವುದನ್ನು ಖಂಡಿಸಿ ಪ್ರೇಷಿತ ಪತ್ರ ಬರೆದರು. 1923ರಲ್ಲಿ ತೂತ್ತುಕುಡಿಗೆ ತಿಬೂರ್ಸಿಯುಸ್ ರೋಚ್ ನೇಮಕಗೊಂಡರು. ಆಧುನಿಕ ಕಾಲದಲ್ಲಿ ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷರೆಂದು ಅವರು ಪ್ರಸಿದ್ಧರು. 1928ರಲ್ಲಿ ಮಂಗಳೂರಿನ ಮಗನಾದ ವಲೇರಿಯನ್ ಡಿಸೋಜರು ಮಂಗಳೂರಿನ ಧರ್ಮಾಧ್ಯಕ್ಷರಾದರು. ಎರಡೇ ವರ್ಷಗಳಲ್ಲಿ, 1930ರಲ್ಲಿ, ಅವರು ಅಕಾಲಿಕವಾಗಿ ನಿಧನರಾದರು. ಮೈಸೂರಿನಲ್ಲಿ 1773ರಲ್ಲಿ ಆದಂತೆ ಇಲ್ಲಿ ಮಂದೆ ಚದುರಲಿಲ್ಲ. 1931ರಲ್ಲಿ ವಿಕ್ಟರ್ ಫೆರ್ನಾಂಡಿಸರು ಆ ಪೀಠವನ್ನೇರಿ 1955ರವರೆಗೆ ಮುನ್ನಡೆಸಿದರು. ಒಬ್ಬರು ಬಿದ್ದರೆ ಮತ್ತೊಬ್ಬರು ಎದ್ದು ನಿಲ್ಲುವಷ್ಟು ನೆಲ ಹದವಾಗಿತ್ತು. ಅರ್ಧ ಶತಮಾನದ ಹಿಂದೆ ಬಿತ್ತಿದ್ದರ ಫಲವಿದು.

ಇದೇ ಕಾಲದಲ್ಲಿ ಬೆಂದೂರಿನ ಗುರುಗಳಾದ ರೇಮಂಡ್ ಮಸ್ಕರೇನ್ಹಸರು 1921ರಲ್ಲಿ ನಾಲ್ವರು ತರುಣಿಯರೊಡನೆ ಬೆಥನಿ ಸಂಘವನ್ನು ಆರಂಭಿಸಿದರು. ಹಳ್ಳಿಯ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಹುಟ್ಟಿದ ಈ ಸಂಘದ ಭಗಿನಿಯರು ಇಂದು ದೇಶವಿದೇಶಗಳಲ್ಲಿ ಸೇವೆ ಮಾಡುತ್ತಿದ್ದಾರೆ. ನಾಯಕತ್ವದ ಮಾತು ಬಂದಾಗ ಗಂಡುಮಕ್ಕಳನ್ನಷ್ಟೇ ಎಣಿಸುವ ರೂಢಿಗೆ ಇದು ತಕ್ಕ ಉತ್ತರ.

ಬಿಟ್ಟುಕೊಡುವ ಕಲೆ

ಕಿರಿಯರನ್ನು ಬೆಳೆಸುವುದು ಒಂದು ಕರ್ತವ್ಯವಾದರೆ, ಕಾಲ ಬಂದಾಗ ಸ್ಥಾನ ಬಿಡುವುದು ಇನ್ನೊಂದು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ನಂತರ, 1966ರಲ್ಲಿ, ಆರನೆಯ ಪೌಲ್ ಜಗದ್ಗುರುಗಳು ಧರ್ಮಾಧ್ಯಕ್ಷರೂ ವಿಚಾರಣಾ ಗುರುಗಳೂ 75ನೆಯ ವಯಸ್ಸಿನಲ್ಲಿ ರಾಜೀನಾಮೆ ಸಲ್ಲಿಸುವ ಕ್ರಮವನ್ನು ತಂದರು; 1983ರ ಧರ್ಮಸಭಾ ಕಾನೂನು ಅದನ್ನು ಸ್ಥಿರಪಡಿಸಿತು. ಅದೇ ಕಾನೂನು ಪ್ರತಿಯೊಂದು ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಬೇಕೆಂದು ವಿಧಿಸಿ, ಪಾಲನಾ ಪರಿಷತ್ತಿಗೂ ಅವಕಾಶ ಕಲ್ಪಿಸಿತು. ದೈವಕರೆಗಳನ್ನು ಪೋಷಿಸುವುದು ಸಮಸ್ತ ಕ್ರೈಸ್ತ ಸಮುದಾಯದ ಹೊಣೆ ಎಂದಿತು. 2013ರ ಫೆಬ್ರವರಿಯಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ತಮ್ಮ ಶಕ್ತಿ ಕುಂದಿತೆಂದು ಪೇತ್ರರ ಪೀಠದಿಂದಲೇ ಇಳಿದರು. ಜಗತ್ತಿನ ಅತ್ಯುನ್ನತ ಧರ್ಮಪೀಠವನ್ನೇ ಬಿಟ್ಟುಕೊಡಲು ಸಾಧ್ಯವಾದರೆ, ಊರಿನ ಸಮಿತಿಯ ಕುರ್ಚಿಯನ್ನು ಬಿಟ್ಟುಕೊಡುವುದು ಕಷ್ಟವಾಗಬಾರದು.

ನಮ್ಮ ಮುಂದಿನ ನೂರು ವರ್ಷ

ಈ ಇತಿಹಾಸದಿಂದ ನಮ್ಮ ಧರ್ಮಕೇಂದ್ರಗಳು ಕಲಿಯಬೇಕಾದದ್ದು ಸ್ಪಷ್ಟ. ಉತ್ತರಾಧಿಕಾರಿಯನ್ನು ಹುಡುಕಬೇಕಾದದ್ದು ಸ್ಥಾನ ತೆರವಾದ ದಿನವಲ್ಲ. ಈಗಿರುವವರು ಗಟ್ಟಿಮುಟ್ಟಾಗಿರುವಾಗಲೇ ಅವರ ಪಕ್ಕದಲ್ಲಿ ಒಬ್ಬ ಕಿರಿಯ ನಿಂತಿರಬೇಕು. ಲೆಕ್ಕ ಬರೆಯುವ ಹಿರಿಯರ ಪಕ್ಕದಲ್ಲಿ ವಾಣಿಜ್ಯ ಓದಿದ ತರುಣಿಯೊಬ್ಬಳು ಕುಳಿತಿರಲಿ. ಧರ್ಮೋಪದೇಶ ಕಲಿಸುವ ಶಿಕ್ಷಕರ ಜೊತೆ ದೃಢೀಕರಣ ಸಂಸ್ಕಾರ ಪಡೆದ ಯುವಕನೊಬ್ಬ ಪಾಠ ಮಾಡಲು ಕಲಿಯಲಿ. ಯುವಜನರನ್ನು ಹಬ್ಬದ ದಿನ ಕುರ್ಚಿ ಜೋಡಿಸಲು, ತೋರಣ ಕಟ್ಟಲು ಮಾತ್ರ ಕರೆದು, ನಿರ್ಧಾರ ಮಾಡುವ ಹೊತ್ತಿಗೆ ಮನೆಗೆ ಕಳುಹಿಸಿದರೆ, 1919ರ ಪ್ರೇಷಿತ ಪತ್ರ ಖಂಡಿಸಿದ ತಪ್ಪನ್ನೇ ನಾವು ಚಿಕ್ಕ ಪ್ರಮಾಣದಲ್ಲಿ ಮಾಡಿದಂತೆ. ಅನುಭವವಿಲ್ಲವೆಂದು ಹೊಣೆ ಕೊಡದೆ, ಹೊಣೆಯಿಲ್ಲದ್ದರಿಂದ ಅನುಭವವೂ ಬಾರದೆ, ಪಾಂಡಿಚೇರಿಯ ನಂತರದ 98 ವರ್ಷಗಳು ಹೇಗೆ ಕಳೆದವೆಂಬುದನ್ನು ಮೇಲೆ ಕಂಡಿದ್ದೇವೆ.

ಮತ್ತೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಗೋವೆಯ ಸಂಘ ಒಂದೇ ಜಾತಿಯ ಬಾಗಿಲನ್ನು ತೆರೆದಿಟ್ಟಿತ್ತು. ನಮ್ಮ ಸಮಿತಿಗಳ ಬಾಗಿಲು ಕೆಲವೇ ಮನೆತನಗಳಿಗೆ, ಒಂದೇ ಭಾಷೆಯವರಿಗೆ, ಒಂದೇ ಬೀದಿಯವರಿಗೆ ತೆರೆದಿದ್ದರೆ, ಅದು ಸಂತರಿದ್ದ ಸಂಘಕ್ಕೇ ತಂದ ದೌರ್ಬಲ್ಯವನ್ನು ನಮಗೂ ತರುತ್ತದೆ. ದಿವ್ಯಬಲಿಪೂಜೆಯಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುವ ಕುಟುಂಬದಲ್ಲೇ ಮುಂದಿನ ಉಪದೇಶಿ ಇರಬಹುದು, ಮುಂದಿನ ಗುರುವೂ ಇರಬಹುದು.

ಇಂದು ಮನೆಗಳಲ್ಲಿ ಮಕ್ಕಳು ಕಡಿಮೆ. ಓದು ಮುಗಿದೊಡನೆ ಅನೇಕರು ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಗಳಿಗೋ ಹೊರಡುತ್ತಾರೆ. ಗುರುಮಠಕ್ಕೆ ಮಗನನ್ನು ಕಳುಹಿಸುವ ಮಾತಿಗೆ ಹಿಂದಿನ ಉತ್ಸಾಹ ಎಲ್ಲ ಮನೆಗಳಲ್ಲೂ ಉಳಿದಿಲ್ಲ. ಇದು ಚಿಂತೆಯ ವಿಷಯವೇ ಸರಿ. ಆದರೆ ಡಚ್ಚರ ನಿರ್ಬಂಧದಲ್ಲಿ ಮುಪ್ಪುಗಳು ದೊರೆತರು. ಶ್ರೀರಂಗಪಟ್ಟಣದ ಸೆರೆಯಲ್ಲಿ ಜಪ ಕಲಿಸುವ ತಾಯಂದಿರು ದೊರೆತರು. ಕೊರತೆಯಿರುವುದು ಜನರಲ್ಲಲ್ಲ, ಅವರನ್ನು ಗುರುತಿಸಿ ಕರೆಯುವ ದೃಷ್ಟಿಯಲ್ಲಿ.

ಈ ಶತಮಾನೋತ್ಸವದ ನೆನಪಿಗಾಗಿ ನಾವು ಗೋಪುರಕ್ಕೆ ಬಣ್ಣ ಬಳಿಯಬಹುದು, ಸ್ಮಾರಕ ಭವನ ಕಟ್ಟಬಹುದು, ಅವೆಲ್ಲವೂ ಶೋಭಿಸಲಿ. ಅವುಗಳೊಡನೆ, ಹೊಣೆ ಹೊತ್ತ ಪ್ರತಿಯೊಬ್ಬ ಹಿರಿಯರೂ ಒಬ್ಬ ಕಿರಿಯನನ್ನೋ ಕಿರಿಯಳನ್ನೋ ತಮ್ಮ ಪಕ್ಕಕ್ಕೆ ಕರೆದುಕೊಂಡು, ತಮಗೆ ತಿಳಿದದ್ದನ್ನು ಕಲಿಸಿ, ತಕ್ಕ ಕಾಲದಲ್ಲಿ ಆ ಸ್ಥಾನವನ್ನು ಸಂತೋಷದಿಂದ ಒಪ್ಪಿಸುವೆವೆಂದು ಬಲಿಪೀಠದ ಮುಂದೆ ಸಂಕಲ್ಪ ಮಾಡಲಿ. ದ್ವಿಶತಮಾನೋತ್ಸವದ ಸಂಚಿಕೆಯನ್ನು ಬರೆಯುವವರಿಗೆ ನಮ್ಮ ಹೆಸರುಗಳು ನೆನಪಿಲ್ಲದೆ ಹೋದರೂ ಚಿಂತೆಯಿಲ್ಲ. ಅಂದು ಇದೇ ಬಲಿಪೀಠದ ಸುತ್ತ ಜನರಿರಲಿ, ಅವರನ್ನು ನಡೆಸುವವರಿರಲಿ. ಮಂದೆಯನ್ನು ಎಂದೂ ಕೈಬಿಡದ ಒಳ್ಳೆಯ ಕುರುಬರು ಇದಕ್ಕೆ ಬೇಕಾದ ಕಣ್ಣನ್ನೂ ಮನಸ್ಸನ್ನೂ ನಮಗೆ ಅನುಗ್ರಹಿಸಲಿ.